ಚಪ್ಪಲಿಯ ಸಾಲು, ಹಿಂಬಾಗಿಲ ದಾರಿ

‘ನಮ್ಮ ಜನಕ್ಕೆ ಸಾಲಿನಲ್ಲಿ ನಿಲ್ಲುವ ಶಿಸ್ತೇ ಇಲ್ಲ’ ಎಂಬ ಮಾತನ್ನು ಕೇಳದ ಕನ್ನಡಿಗರು ಇರಲಾರರು. ಬಸ್ಸಿನ ಬಾಗಿಲಲ್ಲಿ ನೂಕಾಟ ಕಂಡಾಗ, ದೇವಸ್ಥಾನದಲ್ಲಿ ಯಾರೋ ಮೊಣಕೈಯಿಂದ ತಿವಿದಾಗ, ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಗೆ ಹತ್ತು ಕೈಗಳು ಒಟ್ಟಿಗೆ ಚಾಚಿಕೊಂಡಾಗ ಈ ಮಾತು ತಾನಾಗಿ ಬಾಯಿಗೆ ಬರುತ್ತದೆ. ಹೇಳಿದವರಿಗೆ ಸಮಾಧಾನವಾಗುತ್ತದೆ, ಕೇಳಿದವರು ತಲೆದೂಗುತ್ತಾರೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಈ ಮಾತು ತಪ್ಪು ಎನ್ನುವುದು ನನ್ನ ವಾದ. ಬೈಯಿಸಿಕೊಳ್ಳಬೇಕಾದವರು ಒಬ್ಬರು, ನಾವು ಬೈಯುತ್ತಿರುವುದು ಇನ್ನೊಬ್ಬರನ್ನು.

ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನಿಂದ ಶಿರಾ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಜವನಗೊಂಡನಹಳ್ಳಿ ಸಿಗುತ್ತದೆ. ಜನರ ಬಾಯಲ್ಲಿ ಅದು ಜೆ.ಜಿ. ಹಳ್ಳಿ. ಹೋಬಳಿ ಕೇಂದ್ರವಾದ್ದರಿಂದ ಸುತ್ತಲಿನ ಹಳ್ಳಿಗಳವರು ಒಂದಲ್ಲ ಒಂದು ಕೆಲಸಕ್ಕೆ ಬರಲೇಬೇಕಾದ ಊರು. ಇಂಥ ಹೋಬಳಿ ಊರುಗಳಲ್ಲಿ ಒಂದು ದಿನ ಸುಮ್ಮನೆ ಓಡಾಡಿದರೆ ಸಾಲುಗಳ ವಿಷಯದಲ್ಲಿ ಕಲಿಯಬೇಕಾದ್ದೆಲ್ಲ ಕಲಿಯಬಹುದು.

ಬೆಳಿಗ್ಗೆ ಹಾಲಿನ ಡೇರಿಯಿಂದ ಶುರು ಮಾಡೋಣ. ಚಿತ್ರದುರ್ಗ ಜಿಲ್ಲೆಯ ಹಾಲು ಶಿವಮೊಗ್ಗ ಒಕ್ಕೂಟ ಶಿಮುಲ್‌ಗೆ ಸೇರುತ್ತದೆ. ಹಳ್ಳಿಹಳ್ಳಿಯಲ್ಲಿ ಸಹಕಾರ ಸಂಘದ ಡೇರಿ ಇದೆ, ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ ಹಾಲು ಹಾಕುತ್ತಾರೆ. ಬಂದವರು ಕ್ಯಾನನ್ನು ಹಿಂದಿನ ಕ್ಯಾನಿನ ಪಕ್ಕಕ್ಕೆ ಇಟ್ಟು ಜಗಲಿ ಮೇಲೆ ಕೂರುತ್ತಾರೆ. ಡೇರಿಯವನು ಲ್ಯಾಕ್ಟೋಮೀಟರ್ ಬಿಟ್ಟು ನೋಡಿ, ಸ್ಯಾಂಪಲ್ ತೆಗೆದು, ಲೀಟರು ಬರೆದುಕೊಂಡು ಮುಂದಿನ ಕ್ಯಾನಿಗೆ ಕೈ ಹಾಕುತ್ತಾನೆ. ಯಾರೂ ಹೆಸರು ಕೂಗುವುದಿಲ್ಲ, ಯಾರೂ ಸಾಲು ಕಾಯುವುದಿಲ್ಲ, ಪೊಲೀಸರಂತೂ ಬೇಕಿಲ್ಲ. ‘ಮಗೀಗೆ ಜ್ವರ ಕಣಕ್ಕ, ನಂದು ಮೊದ್ಲು ಹಾಕ್ಲಾ?’ ಎಂದು ಒಬ್ಬಾಕೆ ಕೇಳಿದರೆ ಮುಂದಿದ್ದವಳು ತನ್ನ ಕ್ಯಾನನ್ನು ತಾನೇ ಪಕ್ಕಕ್ಕೆ ಸರಿಸುತ್ತಾಳೆ. ಇದಕ್ಕಿಂತ ನಾಗರಿಕವಾದ ಸಾಲನ್ನು ನಾನು ಯಾವ ಊರಿನಲ್ಲೂ ಕಂಡಿಲ್ಲ.

ಕ್ಯಾನು ಸರಿಸಿದ ಅದೇ ಹೆಂಗಸು ಹತ್ತು ಗಂಟೆಗೆ ಗೊಬ್ಬರದ ಸಾಲಿನಲ್ಲಿ ನಿಂತಿರುತ್ತಾಳೆ. 2025ರ ಮುಂಗಾರು ನೆನಪಿಸಿಕೊಳ್ಳಿ. ಮಳೆ ಬೇಗ ಬಂತು, ಮೆಕ್ಕೆಜೋಳದ ಬಿತ್ತನೆ ಹೆಚ್ಚಿತು, ಜುಲೈ ಹೊತ್ತಿಗೆ ರಾಜ್ಯದ ತುಂಬ ಯೂರಿಯಾಗೆ ಹಾಹಾಕಾರ. ಕೊಪ್ಪಳದಲ್ಲಿ ರೈತರೊಬ್ಬರು ಯೂರಿಯಾ ಸಿಗದ ಸಂಕಟಕ್ಕೆ ಮಣ್ಣು ತಿಂದ ದೃಶ್ಯವನ್ನು ನಾಡೆಲ್ಲ ನೋಡಿತು. ಮೆಕ್ಕೆಜೋಳಕ್ಕೆ ಮೇಲುಗೊಬ್ಬರ ಹಾಕುವ ಹದ ಬಂದು ಹೋಗುವುದು ಕೆಲವೇ ದಿನಗಳಲ್ಲಿ. ನೆಲ ಹಸಿಯಾಗಿರುವಾಗ ಬಿದ್ದರೆ ಬೆಳೆಗೆ, ತಡವಾದರೆ ನಷ್ಟ. 45 ಕೆ.ಜಿ.ಯ ಒಂದು ಚೀಲಕ್ಕೆ ಸರ್ಕಾರದ ಬೆಲೆ ಸುಮಾರು 266 ರೂಪಾಯಿ. ಆ ಬೆಲೆಗೆ ಸಿಗಬೇಕಾದರೆ ಸೊಸೈಟಿಯ ಮುಂದೆಯೋ ಅಂಗಡಿಯ ಮುಂದೆಯೋ ನಿಲ್ಲಬೇಕು. ಆಧಾರ್ ಕೊಟ್ಟು, ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿ, ಅದು ಒಪ್ಪಿದರೆ ಚೀಲ. ಸರ್ವರ್ ನಿಧಾನವಾದರೆ ಒಬ್ಬೊಬ್ಬರಿಗೂ ಹತ್ತು ನಿಮಿಷ. ಲಾರಿಯಲ್ಲಿ ಎಷ್ಟು ಚೀಲ ಬಂದಿದೆ ಎಂದು ಹೊರಗೆ ನಿಂತವರಿಗೆ ಯಾರೂ ಹೇಳುವುದಿಲ್ಲ. ಯೂರಿಯಾ ಬೇಕಾದರೆ ಜೊತೆಗೆ ಇನ್ನೊಂದು ಡಬ್ಬಿ ತಗೊಳ್ಳಲೇಬೇಕು ಎಂಬ ಲಿಂಕಿನ ವ್ಯಾಪಾರ ಬೇರೆ. ಮಧ್ಯಾಹ್ನ ಹನ್ನೆರಡಕ್ಕೆ ಒಳಗಿನಿಂದ ಯಾರೋ ‘ಇನ್ನು ಜಾಸ್ತಿ ಇಲ್ಲ’ ಎಂದರೆ ಸಾಕು, ಬೆಳಗಿನಿಂದ ನೆಟ್ಟಗಿದ್ದ ಸಾಲು ಬಾಗಿಲ ಮೇಲೆ ಬೀಳುತ್ತದೆ. ಬೆಳಿಗ್ಗೆ ಡೇರಿಯಲ್ಲಿ ಕ್ಯಾನು ಸರಿಸಿ ಜಾಗ ಕೊಟ್ಟವಳೇ ಈಗ ಮುಂದಿನವರ ಸೊಂಟ ಹಿಡಿದು ತಳ್ಳುತ್ತಾಳೆ.

ಕೆಲವೇ ಗಂಟೆಗಳಲ್ಲಿ ಆಕೆಯ ಸಂಸ್ಕಾರ ಬದಲಾಯಿತೆ? ಬದಲಾದದ್ದು ಸಾಲಿನ ತುದಿಯಲ್ಲಿರುವ ಭರವಸೆ. ಡೇರಿಯಲ್ಲಿ ಮೊದಲನೇ ಕ್ಯಾನಿಗೂ ಕೊನೇ ಕ್ಯಾನಿಗೂ ದರ ಒಂದೇ, ತಂದ ಹಾಲನ್ನೆಲ್ಲ ಅಳೆದುಕೊಳ್ಳುತ್ತಾರೆ ಎಂಬ ನಂಬಿಕೆ ವರ್ಷಗಟ್ಟಲೆ ಉಳಿದುಬಂದಿದೆ. ಅಲ್ಲಿ ಹಿಂದೆ ನಿಂತರೆ ಹೋಗುವುದು ಕಾಲು ಗಂಟೆ. ಗೊಬ್ಬರದ ಬಾಗಿಲಲ್ಲಿ ಹಿಂದೆ ನಿಂತರೆ ಹೋಗುವುದು ಒಂದು ಬೆಳೆ. ಶಿಸ್ತನ್ನು ಮನುಷ್ಯರ ರಕ್ತದಲ್ಲಿ ಹುಡುಕುವವರು ಈ ಎರಡು ಸಾಲುಗಳನ್ನು ಒಂದೇ ದಿನ ನೋಡಬೇಕು.

ಅಷ್ಟಾದರೂ ಆ ಗೊಬ್ಬರದ ಸಾಲಿನಲ್ಲಿ ಜನರೇ ಮಾಡಿಕೊಂಡ ಒಂದು ವ್ಯವಸ್ಥೆ ಇರುತ್ತದೆ. ಅದನ್ನು ಪತ್ರಿಕೆಗಳು ಫೋಟೋ ಹಾಕಿ ಬಡತನದ ಚಿತ್ರವಾಗಿ ತೋರಿಸುತ್ತವೆ. ನನಗೆ ಅದು ನಮ್ಮ ಜನರ ನ್ಯಾಯಬುದ್ಧಿಯ ಚಿತ್ರವಾಗಿ ಕಾಣುತ್ತದೆ. ಚಪ್ಪಲಿಯ ಸಾಲು. ಕೋಳಿ ಕೂಗುವ ಹೊತ್ತಿಗೆ ಬಂದವನು ತನ್ನ ಚಪ್ಪಲಿಯನ್ನು ಬಾಗಿಲಿಗೆ ಎದುರಾಗಿ ಬಿಡುತ್ತಾನೆ. ನಂತರ ಬಂದವನು ಅದರ ಹಿಂದೆ. ಚಪ್ಪಲಿ ಬಿಡಲಾಗದವರು ಕಲ್ಲು ಇಡುತ್ತಾರೆ, ಚೀಲ ಮಡಿಸಿ ಇಡುತ್ತಾರೆ, ಪಾಸ್‌ಬುಕ್ಕಿನ ಜೆರಾಕ್ಸಿನ ಮೇಲೆ ಕಲ್ಲು ಹೇರುತ್ತಾರೆ. ಹಿಂದೆ ಸೀಮೆಎಣ್ಣೆಗೆ ಡಬ್ಬಿಗಳು ಹೀಗೇ ಕೂರುತ್ತಿದ್ದವು, ಬೇಸಿಗೆಯಲ್ಲಿ ನಲ್ಲಿಯ ಮುಂದೆ ಬಿಂದಿಗೆಗಳು ಈಗಲೂ ಹೀಗೇ ಕೂರುತ್ತವೆ. ಬಿಸಿಲೇರಿದ ಮೇಲೆ ಎಲ್ಲರೂ ಬೇವಿನ ಮರದ ಕೆಳಗೆ, ಬರಿಗಾಲಲ್ಲಿ. ಬರೆದಿಟ್ಟ ನಿಯಮ ಒಂದೂ ಇಲ್ಲ, ಆದರೆ ನಿಯಮ ಎಲ್ಲರಿಗೂ ಗೊತ್ತು. ಒಂದು ಮನೆಗೆ ಒಂದೇ ಜಾಗ. ಬಾಗಿಲು ತೆರೆದಾಗ ಆಳು ಇರಬೇಕು. ಇಲ್ಲದಿದ್ದರೆ ಚಪ್ಪಲಿ ಪಕ್ಕಕ್ಕೆ. ಚಹಾ ಕುಡಿಯಲು ಹೋಗುವವನು ಹಿಂದಿನವನಿಗೆ ಹೇಳಿ ಹೋಗಬೇಕು. ತಗಾದೆ ಬಂದರೆ ಬೆಳಗಿನಿಂದ ಅಲ್ಲೇ ಇದ್ದ ಒಬ್ಬ ಅಜ್ಜಿಯ ಮಾತೇ ತೀರ್ಪು: ‘ಆ ಹಸರು ಪಟ್ಟಿ ಚಪ್ಲಿ ಇವುನ್ದೇ ಕಣಪ್ಪ, ನನ್ ಕಣ್ಮುಂದ್ಲೇ ಬುಟ್ಟಿದ್ದು.’

ದೇಹವನ್ನು ಬಿಸಿಲಿನಿಂದ ಬಿಡಿಸಿ ಹಕ್ಕನ್ನು ಮಾತ್ರ ಸಾಲಿನಲ್ಲಿ ನಿಲ್ಲಿಸುವ ಉಪಾಯ ಇದು. ಬ್ಯಾಂಕಿನ ಟೋಕನ್ ಯಂತ್ರ ಮಾಡುವುದೂ ಇಷ್ಟೇ. ಯಂತ್ರ ಬರುವ ಮೊದಲೇ, ಯಾವ ಅಧಿಕಾರಿಯೂ ಹೇಳಿಕೊಡದೆ, ಅಕ್ಷರ ಬಾರದವರೂ ಸೇರಿ ಇದನ್ನು ನಡೆಸಿಕೊಂಡು ಬಂದಿದ್ದಾರೆ. ಇಂಥವರಿಗೆ ಸರದಿಯ ಅರಿವಿಲ್ಲ ಎಂದು ಹೇಳಲು ಯಾರಿಗೂ ಬಾಯಿ ಬರಬಾರದು.

ಈ ಸಾಲು ಒಡೆಯುವುದು ಸಾಮಾನ್ಯವಾಗಿ ಹೇಗೆ? ಹಿಂದಿನ ಚಪ್ಪಲಿಯವನು ಮುಂದೆ ಜಿಗಿಯುವುದರಿಂದ ಅಲ್ಲ. ಅವನನ್ನು ನಾಲ್ಕು ಜನ ಹಿಡಿದು ಹಿಂದಕ್ಕೆ ಕಳಿಸುತ್ತಾರೆ. ಅದು ಒಡೆಯುವುದು ಒಂದು ಬಿಳಿ ಕಾರು ಬಂದು ನಿಂತಾಗ. ಕಾರಿನಿಂದ ಇಳಿದವನು ಸಾಲಿನ ಕಡೆ ನೋಡುವುದಿಲ್ಲ, ಹಿಂಬಾಗಿಲಿಗೆ ಹೋಗುತ್ತಾನೆ. ಒಳಗೆ ಕುರ್ಚಿ ಹಾಕುತ್ತಾರೆ, ಟೀ ತರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಹಿಂದಿನ ಗೋಡೆಯ ಪಕ್ಕ ಟ್ರ್ಯಾಕ್ಟರಿಗೆ ಚೀಲ ಬೀಳುವ ಸದ್ದು ಮುಂದಿನ ಸಾಲಿಗೆ ಕೇಳುತ್ತದೆ. ನೂಕಾಟ ಆಗ ಶುರುವಾಗುತ್ತದೆ. ಆಗ ಪೊಲೀಸರು ಬರುತ್ತಾರೆ, ಲಾಠಿ ತೋರಿಸುವುದು ಮುಂಬಾಗಿಲಿಗೆ.

ಹೀಗೆ ಸಾಲು ಮುರಿಯುವವರು ಎರಡು ಬಗೆಯವರು. ತನಗೆ ಸಿಗದೆ ಹೋದೀತೆಂಬ ಅಂಜಿಕೆಯಿಂದ ನುಗ್ಗುವವರು ಒಂದು. ತನಗೆ ಸಾಲೇ ಅನ್ವಯಿಸುವುದಿಲ್ಲ ಎಂಬ ನಂಬಿಕೆಯಿಂದ ಪಕ್ಕದಿಂದ ಹೋಗುವವರು ಇನ್ನೊಂದು. ಮೊದಲನೆಯದಕ್ಕೆ ಮದ್ದು ಭರವಸೆ. ಎರಡನೆಯದಕ್ಕೆ ಮದ್ದು ನಿರಾಕರಣೆ. ನಾವು ಮಾಡುತ್ತಿರುವುದು ತಿರುವುಮುರುವು: ಅಂಜಿದವನಿಗೆ ಲಾಠಿ, ಸೊಕ್ಕಿದವನಿಗೆ ಟೀ.

ಎರಡನೆಯ ಬಗೆಯವನು ಎಲ್ಲಿಂದ ಬಂದ ಎಂದು ಯೋಚಿಸಿದರೆ ನಮ್ಮ ಊರುಗಳ ಹಳೆಯ ಲೆಕ್ಕಾಚಾರಕ್ಕೆ ಹೋಗಬೇಕಾಗುತ್ತದೆ. ‘ಮೊದಲು ಬಂದವರಿಗೆ ಮೊದಲು’ ಎಂಬುದು ನಮ್ಮಲ್ಲಿ ತೀರ ಈಚಿನ ಮಾತು. ಜಾತ್ರೆಯಲ್ಲಿ ಮೊದಲ ವೀಳ್ಯ ಯಾರಿಗೆ, ತೀರ್ಥ ಮೊದಲು ಯಾರ ಕೈಗೆ, ಊಟದ ಮೊದಲ ಪಂಕ್ತಿಯಲ್ಲಿ ಯಾರು ಕೂರಬೇಕು ಎಂಬುದೆಲ್ಲ ಬಂದ ಹೊತ್ತಿನ ಮೇಲೆ ತೀರ್ಮಾನವಾಗುತ್ತಿರಲಿಲ್ಲ, ಹುಟ್ಟಿದ ಮನೆಯ ಮೇಲೆ ತೀರ್ಮಾನವಾಗುತ್ತಿತ್ತು. ವೀಳ್ಯದ ಸರದಿ ತಪ್ಪಿತೆಂದು ಊರೇ ಎರಡು ಭಾಗವಾದ ಕತೆಗಳು ಬಯಲುಸೀಮೆಯ ಯಾವ ಹಿರಿಯರನ್ನು ಕೇಳಿದರೂ ಸಿಗುತ್ತವೆ. ಬಾವಿಯ ಹತ್ತಿರವಂತೂ ದಲಿತರಿಗೆ ಸಾಲಿನ ಕೊನೆಯ ಜಾಗವೂ ಇರಲಿಲ್ಲ. ದೂರದಲ್ಲಿ ಕೊಡ ಇಟ್ಟು, ಮೇಲುಜಾತಿಯವರು ಯಾರಾದರೂ ಮನಸ್ಸು ಮಾಡಿ ನೀರು ಹೊಯ್ಯಲಿ ಎಂದು ಕಾಯಬೇಕಿತ್ತು. ಕಾಯುವುದು ಕೆಳಗಿನವರ ಪಾಲು, ಕಾಯಿಸುವುದು ಮೇಲಿನವರ ಹಕ್ಕು ಎಂಬ ಏರ್ಪಾಡು ಅದು.

ಇದರ ಎದುರು ಇಟ್ಟು ನೋಡಿದಾಗ ಒಂದು ಸಾಮಾನ್ಯ ರೇಷನ್ ಅಂಗಡಿಯ ಸಾಲು ಎಷ್ಟು ದೊಡ್ಡ ಬದಲಾವಣೆ ಎಂದು ಹೊಳೆಯುತ್ತದೆ. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದಾಗ ಅದರ ಅಕ್ಕಿಯ ಬಗ್ಗೆ, ಖರ್ಚಿನ ಬಗ್ಗೆ ಬೇಕಾದಷ್ಟು ಚರ್ಚೆಯಾಯಿತು. ಆ ಅಕ್ಕಿಗೆ ನಿಂತ ಸಾಲಿನಲ್ಲಿ ಯಾರ ಹಿಂದೆ ಯಾರು ನಿಂತರು ಎಂಬುದರ ಬಗ್ಗೆ ಆಗಲಿಲ್ಲ. ಹೊಲದ ಯಜಮಾನನ ಮನೆಯವರೂ ಅದೇ ಹೊಲದ ಕೂಲಿಯವಳೂ ಒಂದೇ ಯಂತ್ರಕ್ಕೆ ಹೆಬ್ಬೆಟ್ಟು ಒತ್ತುವುದು, ಬೇಗ ಬಂದ ಕೂಲಿಯವಳು ಮುಂದೆ ನಿಲ್ಲುವುದು, ಇದು ಯಾವ ಭಾಷಣದಿಂದಲೂ ಆಗದ ಕೆಲಸ. ಸಾಲಿನಲ್ಲಿ ನಿಂತರೆ ತನ್ನ ಮರ್ಯಾದೆ ಕಡಿಮೆಯಾಯಿತು ಎಂದು ಕೆಲವರಿಗೆ ಅನ್ನಿಸುವುದೂ ಇದಕ್ಕೇ. ಅವರಿಗೆ ಹೋಗುವುದು ಹತ್ತು ನಿಮಿಷ ಹೊತ್ತಲ್ಲ, ಮೊದಲ ವೀಳ್ಯ. ಹೆದ್ದಾರಿಯ ಟೋಲ್‌ನಲ್ಲಿ ಗಾಜು ಇಳಿಸಿ ‘ನಾನ್ಯಾರು ಗೊತ್ತಾ?’ ಎಂದು ಹುಡುಗನ ಮೇಲೆ ಎಗರುವವನು ಕೇಳುತ್ತಿರುವುದೂ ಅದನ್ನೇ. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಟೋಲ್ ಸಾಲುಗಳು ಸರಾಗವಾದವು, ಆದರೆ ಆ ಪ್ರಶ್ನೆ ನಿಂತಿಲ್ಲ. 2017ರ ಮೇ 1ರಿಂದ ಮಂತ್ರಿಗಳ ಕಾರಿನ ಕೆಂಪು ದೀಪ ತೆಗೆಸಿದರು. ತಲೆಯೊಳಗಿನ ದೀಪ ಹಾಗೇ ಉರಿಯುತ್ತಿದೆ.

ಹುಟ್ಟಿನ ಬಲದಿಂದ ಮುಂದೆ ಹೋಗುವುದು ನಾಚಿಕೆಯ ವಿಷಯವಾಗುತ್ತಾ ಬಂದಂತೆ ದುಡ್ಡಿನ ಬಲದಿಂದ ಮುಂದೆ ಹೋಗುವುದು ಗೌರವದ ವಿಷಯವಾಗಿದೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ಕೆಲವೇ ದಿನ ತೆರೆಯುತ್ತದೆ. ಅಲ್ಲಿ 300 ರೂಪಾಯಿಯ ಸಾಲು ಒಂದು, 1,000 ರೂಪಾಯಿಯ ಸಾಲು ಇನ್ನೊಂದು, ಏನೂ ಕೊಡದವರ ಧರ್ಮದರ್ಶನದ ಸಾಲು ಮತ್ತೊಂದು. ಆದಾಯದ ಲೆಕ್ಕ ಹೇಳಿ ಇದನ್ನು ಸಮರ್ಥಿಸುವವರಿದ್ದಾರೆ; ಆ ಹಣ ದೇವಸ್ಥಾನಕ್ಕೇ ಸೇರುತ್ತದೆ ಎಂಬ ಅವರ ಮಾತು ಸರಿ. ನನ್ನ ಆಕ್ಷೇಪ ಬೇರೆ. ಗರ್ಭಗುಡಿ ಒಂದೇ, ಅದರ ಮುಂದೆ ಹಾದುಹೋಗುವ ಹೊತ್ತೂ ಒಂದೇ. ದುಡ್ಡಿನ ಸಾಲಿಗೆ ಕೊಟ್ಟ ಒಂದೊಂದು ನಿಮಿಷವೂ ಧರ್ಮದರ್ಶನದ ಸಾಲಿನಿಂದ ಕಿತ್ತದ್ದು. ಟಿಕೆಟ್ಟಿನ ಹಣ ದೇವಸ್ಥಾನಕ್ಕೆ ಹೋಯಿತು, ಮಾರಿದ ಹೊತ್ತು ಮಾತ್ರ ದೇವಸ್ಥಾನದ್ದಲ್ಲ, ಹಿಂದೆ ಮಗು ಎತ್ತಿಕೊಂಡು ನಿಂತವಳದ್ದು. ಆಕೆಯನ್ನು ಯಾರೂ ಕೇಳಲಿಲ್ಲ. 2025ರ ಜನವರಿಯಲ್ಲಿ ವಿಐಪಿ ದರ್ಶನದ ವಿರುದ್ಧದ ಅರ್ಜಿಯೊಂದು ಸುಪ್ರೀಂ ಕೋರ್ಟಿಗೆ ಹೋದಾಗ ನ್ಯಾಯಾಲಯ ಅರ್ಜಿಯನ್ನು ಪುರಸ್ಕರಿಸಲಿಲ್ಲ, ಆದರೆ ಇಂಥ ವಿಶೇಷ ಉಪಚಾರ ಇರಬಾರದು ಎಂಬ ಅಭಿಪ್ರಾಯವನ್ನು ಹೇಳಿತು. ತೀರ್ಮಾನವನ್ನು ಸರ್ಕಾರಗಳಿಗೆ, ದೇವಸ್ಥಾನಗಳಿಗೆ ಬಿಟ್ಟಿತು. ಅವರು ಏನು ತೀರ್ಮಾನಿಸಿದ್ದಾರೆ ಎಂದು ಕೌಂಟರಿನ ಬೋರ್ಡುಗಳೇ ಹೇಳುತ್ತವೆ.

ಇದು ನಮ್ಮ ದೇಶದ ಕಾಯಿಲೆ ಮಾತ್ರ ಎಂದುಕೊಳ್ಳಬೇಡಿ. ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟದಲ್ಲಿ ಆಟಗಾರರನ್ನು ಬೆಟ್ಟದ ತುದಿಗೆ ಹೊತ್ತೊಯ್ಯುವ ಲಿಫ್ಟುಗಳಿರುತ್ತವೆ; ರಜಾದಿನಗಳಲ್ಲಿ ಅವುಗಳ ಬುಡದಲ್ಲಿ ದೊಡ್ಡ ಸಾಲು. 2021ರಲ್ಲಿ ಅಮೆರಿಕದ ಪೌಡರ್ ಎಂಬ ಕಂಪನಿ ತನ್ನ ನಾಲ್ಕು ತಾಣಗಳಲ್ಲಿ ಹೆಚ್ಚು ದುಡ್ಡು ಕೊಟ್ಟವರಿಗೆ ಬೇರೆಯೇ ಒಂದು ವೇಗದ ಸಾಲು ಮಾಡುವುದಾಗಿ ಘೋಷಿಸಿತು. ದಿನಕ್ಕೆ 49 ಡಾಲರಿನಿಂದ ಶುರು. ದುಡ್ಡೇ ಎಲ್ಲವೂ ಆದ ದೇಶ ಎಂದು ನಾವು ಅಂದುಕೊಂಡಿರುವ ಅಲ್ಲಿಯ ಜನ ಸುಮ್ಮನಿರಲಿಲ್ಲ, ಸಾವಿರಾರು ಮಂದಿ ವಿರೋಧದ ಮನವಿಗೆ ಸಹಿ ಹಾಕಿದರು. ಅದೊಂದು ಶ್ರೀಮಂತರ ಆಟ, ಆ ಸಾಲಿನಲ್ಲಿ ಯಾರ ಬೆಳೆಯೂ ಒಣಗುವುದಿಲ್ಲ, ಯಾರೂ ಹಸಿದಿರುವುದಿಲ್ಲ. ಆದರೂ ಸಾಲು ಮಾರಾಟಕ್ಕಿಲ್ಲ ಎಂದು ಹೇಳಬೇಕೆಂದು ಅವರಿಗೆ ಅನ್ನಿಸಿತು. ನಮಗೆ ಅನ್ನಿಸಿಲ್ಲ.

ಆ ಲಿಫ್ಟಿನ ಸಾಲುಗಳಲ್ಲಿ ಕಲಿಯಬಹುದಾದ ಒಳ್ಳೆಯದೂ ಇದೆ. ನಾಲ್ಕು ಜನ ಕೂರುವ ಆಸನದಲ್ಲಿ ಮೂವರ ಗುಂಪು ಕೂತರೆ ಒಂದು ಜಾಗ ಖಾಲಿ ಹೋಗುತ್ತದೆ. ಅದಕ್ಕಾಗಿ ಒಂಟಿಯಾಗಿ ಬಂದವರಿಗೆ ಪಕ್ಕದಲ್ಲಿ ಬೇರೆ ಸಾಲು ಮಾಡಿ, ಖಾಲಿ ಉಳಿದ ಜಾಗಕ್ಕೆ ಅವರನ್ನು ಕಳಿಸುತ್ತಾರೆ. ಎರಡು ಸಾಲು ಕೂಡುವಲ್ಲಿ ಆ ಕಡೆಯಿಂದ ಒಂದು ಗುಂಪು, ಈ ಕಡೆಯಿಂದ ಒಂದು ಗುಂಪು. ಒಂಟಿಯವನು ಬೇಗ ಮೇಲೆ ಹೋದದ್ದಕ್ಕೆ ಯಾರೂ ಸಿಟ್ಟಾಗುವುದಿಲ್ಲ. ಅವನು ಯಾರ ಜಾಗವನ್ನೂ ಕಸಿದಿಲ್ಲ, ಕಾರಣವೂ ಎಲ್ಲರ ಕಣ್ಣೆದುರಿಗಿದೆ. ಸಾಲಿಗೆ ವಿನಾಯಿತಿ ಇರಬಾರದು ಎಂದು ನಾನು ಹೇಳುತ್ತಿಲ್ಲ ಎಂಬುದನ್ನು ಇಲ್ಲೇ ಸ್ಪಷ್ಟಪಡಿಸಬೇಕು. ವಿನಾಯಿತಿಯ ಕಾರಣವನ್ನು ಸಾಲಿನಲ್ಲಿ ನಿಂತವರ ಎದುರು ಗಟ್ಟಿಯಾಗಿ ಹೇಳಲು ಆಗಬೇಕು, ಅದೊಂದೇ ಪರೀಕ್ಷೆ. ಬಸುರಿ, ಕೈಗೂಸಿನ ತಾಯಿ, ಊರುಗೋಲಿನವರು, ಆಂಬುಲೆನ್ಸು, ಇವರಿಗೆ ದಾರಿ ಬಿಡಿ ಎಂದರೆ ನಮ್ಮ ಜನ ಎಂದೂ ಇಲ್ಲ ಎಂದಿಲ್ಲ. ಹಿರಿಯ ನಾಗರಿಕರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬೇರೆ ಸಾಲು ಇರಬೇಕೆಂದು 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಕಾಯ್ದೆಯ 20ನೇ ಕಲಮೇ ಹೇಳುತ್ತದೆ. ಎಷ್ಟು ತಾಲ್ಲೂಕು ಆಸ್ಪತ್ರೆಗಳಲ್ಲಿ ಆ ಬೋರ್ಡು ಕಾಣುತ್ತದೆ ಎಂದು ಮುಂದಿನ ಸಲ ಹೋದಾಗ ನೋಡಿ. ಕಾನೂನು ಕೊಟ್ಟ ವಿನಾಯಿತಿ ಅಜ್ಜಿಗೆ ಸಿಗುವುದಿಲ್ಲ, ಯಾವ ಕಾನೂನಿನಲ್ಲೂ ಇಲ್ಲದ ವಿನಾಯಿತಿ ಬಿಳಿ ಕಾರಿಗೆ ಸಿಗುತ್ತದೆ. ‘ಇವರು ಎಮ್ಮೆಲ್ಲೆ ಕಡೆಯವರು, ಅದಕ್ಕೇ ಮೊದಲು ಕೊಡುತ್ತಿದ್ದೇನೆ’ ಎಂದು ಮುಂಬಾಗಿಲಿಗೆ ಬಂದು ಕೂಗಿ ಹೇಳುವ ಧೈರ್ಯ ಯಾವ ಗುಮಾಸ್ತನಿಗೂ ಇಲ್ಲ. ಅದಕ್ಕಾಗಿಯೇ ಹಿಂಬಾಗಿಲು ಬೇಕಾಗಿರುವುದು.

ಭರವಸೆಯಿಲ್ಲದ ಸಾಲು ಯಾವಾಗಲೂ ಬೈಗುಳ, ಹರಿದ ಅಂಗಿಯಲ್ಲಿ ಮುಗಿಯುವುದಿಲ್ಲ. 2025ರ ಜನವರಿ 8ರಂದು ತಿರುಪತಿಯಲ್ಲಿ ವೈಕುಂಠದ್ವಾರ ದರ್ಶನದ ಟೋಕನ್ನಿಗಾಗಿ ಕಾದಿದ್ದವರಲ್ಲಿ 6 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅಸ್ವಸ್ಥರಾದ ಮಹಿಳೆಯೊಬ್ಬರಿಗಾಗಿ ಗೇಟು ತೆರೆದಾಗ, ಟೋಕನ್ ಕೊಡಲು ಶುರುವಾಯಿತೆಂದು ಭಾವಿಸಿ ಜನ ನುಗ್ಗಿದರು ಎಂದು ವರದಿಯಾಯಿತು. ಅದೇ ವರ್ಷ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಮುಂದೆ ಕ್ರಿಕೆಟ್ ವಿಜಯೋತ್ಸವಕ್ಕೆ ಬಂದವರಲ್ಲಿ 11 ಮಂದಿ ಸತ್ತರು. ಸುಮಾರು 35,000 ಜನ ಹಿಡಿಯುವ ಜಾಗಕ್ಕೆ ಲಕ್ಷಗಟ್ಟಲೆ ಬಂದಿದ್ದರು, ಉಚಿತ ಪಾಸಿನ ಸುದ್ದಿ ಹರಡಿತ್ತು, ಯಾರಿಗೆ ಪ್ರವೇಶ, ಯಾವ ಗೇಟಿನಲ್ಲಿ ಎಂಬುದು ಸ್ಪಷ್ಟವಿರಲಿಲ್ಲ. ಎರಡೂ ಕಡೆ ಮೊದಲು ಕೇಳಿದ್ದು ಜನರ ಅಶಿಸ್ತಿನ ಮಾತು. ಬಾಗಿಲು ಯಾವಾಗ ತೆರೆಯುತ್ತದೆ, ಎಷ್ಟು ಜನಕ್ಕೆ ಸಿಗುತ್ತದೆ ಎಂದು ಹೇಳದೆ ಜನರನ್ನು ಬಾಗಿಲಿಗೆ ಕರೆಯುವುದು ಅಶಿಸ್ತಲ್ಲವೆ? ಗೊಬ್ಬರದ ವಿಷಯದಲ್ಲಂತೂ ನಮ್ಮ ನೆನಪು ಇನ್ನೂ ಕಹಿ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ರೈತರು ಪ್ರಾಣ ಬಿಟ್ಟರು. ಅಷ್ಟಾಗಿ ಹದಿನೇಳು ವರ್ಷದ ಮೇಲೂ ದಾಸ್ತಾನು ಎಷ್ಟಿದೆ ಎಂದು ಹೊರಗಿನ ಗೋಡೆಗೆ ಬರೆದು ಹಾಕುವಷ್ಟನ್ನು ನಾವು ಎಲ್ಲ ಕಡೆ ರೂಢಿ ಮಾಡಿಕೊಂಡಿಲ್ಲ.

ಬಸ್ಸಿನ ವಿಷಯವನ್ನೂ ಹೇಳಿಬಿಡಬೇಕು, ಏಕೆಂದರೆ ಈಚೆಗೆ ಎಲ್ಲರ ಬೆರಳು ಅತ್ತ ತಿರುಗಿದೆ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ‘ಹೆಂಗಸರು ನುಗ್ಗುತ್ತಾರೆ’ ಎಂಬ ದೂರು ಶುರುವಾಯಿತು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆ ನಮ್ಮ ಗಂಡಸರಿಗೆ ಎಷ್ಟು ಹಳೆಯದು ಎಂಬುದನ್ನು ದೂರು ಹೇಳುವವರು ಮರೆತಿದ್ದಾರೆ. ಎಕ್ಸ್‌ಪ್ರೆಸ್ ಬಸ್ಸುಗಳು ಹೆದ್ದಾರಿಯ ಮೇಲೇ ಹೋಗಿಬಿಡುತ್ತವೆ, ಸರ್ವಿಸ್ ರಸ್ತೆಗೆ ಇಳಿಯುವುದಿಲ್ಲ ಎಂಬುದು ಹೆದ್ದಾರಿ ಬದಿಯ ಹಳ್ಳಿಗಳ ಹಳೆಯ ಗೋಳು. ಮುಂದಿನ ಬಸ್ಸು ಬರುತ್ತದೋ ಇಲ್ಲವೋ ಗೊತ್ತಿಲ್ಲದ ಕಡೆ ಬಂದ ಬಸ್ಸಿಗೆ ಜನ ನುಗ್ಗುತ್ತಾರೆ. ಬೆಂಗಳೂರಿನ ಮೆಟ್ರೋದಲ್ಲಿ ಕೆಲವೇ ನಿಮಿಷಕ್ಕೆ ಇನ್ನೊಂದು ಗಾಡಿ ಬರುತ್ತದೆಂದು ಬೋರ್ಡಿನಲ್ಲಿ ಕಂಡಾಗ ಅದೇ ಹಳ್ಳಿಯವರು ಹಳದಿ ಗೆರೆಯ ಹಿಂದೆ ನಿಲ್ಲುತ್ತಾರೆ.

ಚಿತ್ರದುರ್ಗ ಜಿಲ್ಲೆಯವರು ಸಾಲಿನ ತಾಳ್ಮೆಯನ್ನು ಕಲಿಯಬೇಕಾದವರಲ್ಲ, ಕಲಿಸಬಲ್ಲವರು. ಭದ್ರಾ ಮೇಲ್ದಂಡೆಯ ನೀರಿಗೆ ಇಡೀ ಜಿಲ್ಲೆ ಎಷ್ಟು ವರ್ಷದಿಂದ ಕಾದಿದೆ! 2023ರ ಫೆಬ್ರುವರಿಯ ಕೇಂದ್ರ ಬಜೆಟ್ಟಿನಲ್ಲಿ ಆ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಹಣಕ್ಕಾಗಿ ಕಾಯುವುದು ಇನ್ನೊಂದು ಸಾಲಾಯಿತು. ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಹಿರಿಯೂರು ತಾಲ್ಲೂಕೇ ಕಣ್ಣು ತುಂಬಿಕೊಂಡಿತು. ಜೆ.ಜಿ. ಹಳ್ಳಿ ಹೋಬಳಿಯ ರೈತರು ಮಾತ್ರ ತಮ್ಮ ಗಾಯತ್ರಿ ಜಲಾಶಯಕ್ಕೆ, ತಮ್ಮ ಕೆರೆಗಳಿಗೆ ನೀರು ಹರಿಸಿ ಎಂದು ಧರಣಿ ಕೂರಬೇಕಾಯಿತು. ಕಾಲುವೆಯ ನೀರಿಗೂ ಸರದಿ ಉಂಟು. ಮೇಲಿನ ತೂಬಿನವರು ರಾತ್ರಿ ಹೆಚ್ಚು ಎತ್ತಿಕೊಂಡರೆ ಕೊನೆಯ ಭಾಗದವರ ಕಾಲುವೆ ಒಣಗಿರುತ್ತದೆ. ಕೆರೆ ನೀರಾವರಿಯ ಕಾಲದಲ್ಲಿ ನೀರುಗಂಟಿ ಎಂಬ ಒಬ್ಬ ಮನುಷ್ಯ ಇದನ್ನು ಕಾಯುತ್ತಿದ್ದ. ಬಹಳ ಊರುಗಳಲ್ಲಿ ಆತ ದಲಿತ. ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಅವನು ಹೇಳಿದಂತೆ ಗೌಡನೂ ಕೇಳಬೇಕಿತ್ತು. ಬಾವಿಯ ಹತ್ತಿರ ಸೇರಿಸದವನ ಕೈಗೇ ತೂಬಿನ ಸರದಿ ಕೊಟ್ಟಿದ್ದ ವಿಚಿತ್ರ ವ್ಯವಸ್ಥೆಯದು. ಅದನ್ನು ವೈಭವೀಕರಿಸುವುದು ಬೇಡ. ಸರದಿ ಉಳಿಯಬೇಕಾದರೆ ಅದನ್ನು ಕಾಯುವವನ ಮಾತು ಎಲ್ಲರ ಮೇಲೂ ನಡೆಯಬೇಕು ಎಂಬುದನ್ನು ಮಾತ್ರ ಅದರಿಂದ ತೆಗೆದುಕೊಳ್ಳಬಹುದು.

ಇಷ್ಟು ಹೇಳಿದ ಮೇಲೆ ಒಂದು ಎದುರುಮಾತನ್ನು ನಾನೇ ಎತ್ತಬೇಕು. ಅಂಜಿಕೆಯಿಂದ ನುಗ್ಗಿದರೆ ತಪ್ಪೇ ಇಲ್ಲವೆ? ಇದೆ. ಕೊರತೆ ತಂದವನು ಬೇರೆಯವನಾದರೂ ನನ್ನ ಮೊಣಕೈ ತಾಗುವುದು ಪಕ್ಕದ ಅಜ್ಜಿಗೆ. ನೂಕಾಟದಲ್ಲಿ ಗೆಲ್ಲುವುದು ಗಟ್ಟಿ ತೋಳು, ಸೋಲುವುದು ಯಾವಾಗಲೂ ಮುದುಕರು, ಹೆಂಗಸರು, ಮಕ್ಕಳು. ಚಪ್ಪಲಿಯ ಸಾಲು ಅವರನ್ನು ಉಳಿಸುತ್ತದೆ, ಚಪ್ಪಲಿಯನ್ನು ಒದ್ದು ಮುಂದೆ ಹೋಗುವವನು ಅವರನ್ನೇ ಒದ್ದಂತೆ. ಹಾಗಾಗಿ ಸರದಿ ಕಾಯುವುದು ಸರ್ಕಾರ ಸರಿಹೋದ ಮೇಲೆ ಮಾಡುವ ಕೆಲಸ ಎಂದು ನಾನು ಒಪ್ಪಲಾರೆ. ಗೊಬ್ಬರ ಇಲ್ಲವೆಂಬುದು ಗೊತ್ತಾದರೂ ಸಾಲು ಚದುರಬಾರದು. ಚದುರದ ಸಾಲು ಮಾತ್ರ ‘ಯಾಕಿಲ್ಲ?’ ಎಂದು ಒಂದೇ ದನಿಯಲ್ಲಿ ಕೇಳಬಲ್ಲದು. ಚದುರಿದಾಗ ಪ್ರತಿಯೊಬ್ಬನೂ ಇನ್ನೊಬ್ಬನ ವೈರಿ, ಒಳಗೆ ಕೂತವರಿಗೆ ಅದೇ ಅನುಕೂಲ.

ಹಿಂಬಾಗಿಲಿಗೆ ಹೋದವನನ್ನು ನಾವು ಏನೂ ಕೇಳುವುದಿಲ್ಲ ಎಂಬುದೂ ನಮ್ಮದೇ ತಪ್ಪು. ಅವನು ಪರಿಚಯದವನು, ನಾಳೆ ನಮಗೂ ಬೇಕಾಗಬಹುದು, ಯಾಕೆ ನಿಷ್ಠುರ ಎಂದು ತಲೆ ತಗ್ಗಿಸುತ್ತೇವೆ. ಇನ್ನೂ ಮುಂದೆ ಹೋಗಿ, ನಮ್ಮವನೊಬ್ಬ ಒಳಗಿದ್ದಾನೆ ಎಂದರೆ ಸಂತೋಷಪಡುತ್ತೇವೆ. ‘ಸಾಲಿನಲ್ಲಿ ಬನ್ನಿ ಸ್ವಾಮಿ, ಎಲ್ಲರೂ ನಿಂತಿದ್ದೇವೆ’ ಎಂದು ಒಬ್ಬರು ಹೇಳಿದರೆ ಜಗಳ, ಹತ್ತು ಜನ ಒಟ್ಟಿಗೆ ಹೇಳಿದರೆ ಅದೇ ಕಾನೂನು. ಬೈಗುಳ ಬೇಡ, ಕೈ ಎತ್ತುವುದು ಬೇಡ. ಮರ್ಯಾದೆಯಿಂದ, ಸ್ವಾಮಿ ಎಂದೇ ಕರೆದು, ಸಾಲಿನ ತುದಿಯನ್ನು ತೋರಿಸಿದರೆ ಸಾಕು.

ಮುಂದಿನ ಮುಂಗಾರಿಗೆ ಮತ್ತೆ ಲಾರಿ ಬರುತ್ತದೆ, ಮತ್ತೆ ಚಪ್ಪಲಿಗಳು ಸಾಲಾಗಿ ಕೂರುತ್ತವೆ. ಹೋಬಳಿಯ ಕೃಷಿ ಅಧಿಕಾರಿಗಳಲ್ಲಿ, ಸೊಸೈಟಿಯ ಆಡಳಿತ ಮಂಡಳಿಗಳಲ್ಲಿ, ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟು: ಎಷ್ಟು ಚೀಲ ಬಂದಿದೆ, ಒಬ್ಬರಿಗೆ ಎಷ್ಟು, ಎಷ್ಟನೆಯವರ ತನಕ ಸಿಗುತ್ತದೆ ಎಂದು ಬಾಗಿಲು ತೆಗೆಯುವ ಮೊದಲೇ ಸುಣ್ಣದಲ್ಲಿ ಗೋಡೆಗೆ ಬರೆಯಿರಿ. ಅಷ್ಟು ಜನಕ್ಕೆ ಚೀಟಿ ಕೊಡಿ. ಸಿಗದವರಿಗೆ ಮುಂದಿನ ಲಾರಿಯಲ್ಲಿ ಮೊದಲ ಸರದಿ ಎಂದು ಅದೇ ಚೀಟಿಯ ಮೇಲೆ ರುಜು ಹಾಕಿ ಕಳಿಸಿ. ಮತ್ತು ಹಿಂಬಾಗಿಲಿಗೆ ಒಂದು ಬೀಗ ಹಾಕಿ, ಅದರ ಕೀಲಿಯನ್ನು ಸಾಲಿನಲ್ಲಿ ಮೊದಲು ನಿಂತವರ ಕೈಗೆ ಕೊಡಿ.